ಡೀಸೆಲ್ಲೋ ಪೆಟ್ರೋಲೋ? ಒಂದು ಮನೆಯ ಪ್ರಶ್ನೆ, ಭೌತಶಾಸ್ತ್ರದ ಉತ್ತರ

ಚಳಿಗಾಲದ ಒಂದು ಸಂಜೆ ಪಾಠ ಮುಗಿಸಿ ಹೊರಡುತ್ತಿದ್ದೆವು. ಔರಾದಿನಿಂದ ಬರುವ ವಿದ್ಯಾರ್ಥಿಯೊಬ್ಬ ನಮ್ಮನ್ನು ತಡೆದು ಕೇಳಿದ: “ಸರ್, ಅಣ್ಣ ಡೀಸೆಲ್ ಗಾಡಿ ತಗೋಬೇಕಂತಾನ್ರಿ, ಅಪ್ಪ ಪೆಟ್ರೋಲ್ ಇರಲಿ ಅಂತಾರ್ರಿ. ನಿಮ್ಮ ಫಿಸಿಕ್ಸ್ ಏನ್ ಹೇಳ್ತದ್ರಿ?”

ವಿಚಾರಿಸಿದಾಗ ಸಂಗತಿ ತಿಳಿಯಿತು. ಆ ಮನೆಯವರು ತೊಗರಿ, ಸೋಯಾ ಕಾಳುಗಳ ವ್ಯಾಪಾರಸ್ಥರು. ಅಣ್ಣನ ಮನಸ್ಸು ಒಂದು ದೊಡ್ಡ ಗಾಡಿಯ ಮೇಲೆ. ಹೊಸದು ಕೊಳ್ಳುವಷ್ಟು ಹಣವಿಲ್ಲ. ಬಳಸಿದ ಎರಡು ಫಾರ್ಚೂನರ್ ಗಾಡಿಗಳನ್ನು ನೋಡಿಟ್ಟಿದ್ದರು. ಎರಡೂ 2021ರಲ್ಲಿ ನೋಂದಣಿಯಾದವು. ಒಂದು ಡೀಸೆಲ್, ಇನ್ನೊಂದು ಪೆಟ್ರೋಲ್. ಡೀಸೆಲ್ ಗಾಡಿಗೆ 3 ಲಕ್ಷ ರೂಪಾಯಿ ಹೆಚ್ಚು ಹೇಳಿದ್ದರು. ಆ 3 ಲಕ್ಷವು ಈ ಹುಡುಗನ ಮುಂದಿನ ಓದಿಗೆಂದು ತೆಗೆದಿಟ್ಟ ಹಣದಿಂದ ಬರಬೇಕಾಗಿತ್ತು. “ಓಡಿಸಿದಷ್ಟೂ ಉಳಿತಾಯ, ಎರಡು ವರ್ಷದಲ್ಲಿ ಹಣ ವಾಪಸು” ಎಂಬುದು ಅಣ್ಣನ ವಾದ. ಆದುದರಿಂದ ಹುಡುಗನ ಪ್ರಶ್ನೆ ಕೇವಲ ಕುತೂಹಲದ್ದಾಗಿರಲಿಲ್ಲ. ವಾಚಕರೂ ನಮ್ಮೊಡನೆ ಈ ಲೆಕ್ಕವನ್ನು ಮಾಡಿನೋಡಬಹುದು.

ಕಿಡಿಯುಳ್ಳ ಯಂತ್ರ, ಕಿಡಿಯಿಲ್ಲದ ಯಂತ್ರ

ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲೆವು. ಗಾಳಿಯನ್ನು ಬೇಗನೆ ಒತ್ತಿದರೆ ಅದರ ಉಷ್ಣತೆ ಏರುತ್ತದೆ. ಡೀಸೆಲ್ ಯಂತ್ರದ ಮರ್ಮವೆಲ್ಲ ಇಷ್ಟೇ.

ಜರ್ಮನಿಯ ನಿಕೊಲಾಸ್ ಒಟ್ಟೊ 1876ರಲ್ಲಿ ನಿರ್ಮಿಸಿದ ನಾಲ್ಕು ಹೊಡೆತಗಳ ಯಂತ್ರದ ಸಂತತಿಯೇ ಇಂದಿನ ಪೆಟ್ರೋಲ್ ಎಂಜಿನ್. ಅದು ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಸುಮಾರು ಹತ್ತನೆಯ ಒಂದು ಪಾಲಿಗೆ ಒತ್ತುತ್ತದೆ. ಬಳಿಕ ವಿದ್ಯುತ್ ಕಿಡಿಯೊಂದು ಬೆಂಕಿ ಹೊತ್ತಿಸುತ್ತದೆ. ಇನ್ನೂ ಬಿಗಿಯಾಗಿ ಒತ್ತೋಣವೆಂದರೆ ಕಿಡಿ ಹಾರುವ ಮೊದಲೇ ಮಿಶ್ರಣ ತಾನಾಗಿ ಹೊತ್ತಿ, ಎಂಜಿನ್ ಕಟಕಟನೆ ಬಡಿದುಕೊಳ್ಳುವ ಭಯವುಂಟು.

ರುಡಾಲ್ಫ್ ಡೀಸೆಲ್ ಈ ಭಯವನ್ನೇ ಉಪಾಯವನ್ನಾಗಿ ಮಾಡಿಕೊಂಡನು. 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಪರೀಕ್ಷೆಗೆ ಒಡ್ಡಿದ ಅವನ ಯಂತ್ರವು ಬರಿಯ ಗಾಳಿಯನ್ನು ಒತ್ತುತ್ತಿತ್ತು. ಎಣ್ಣೆಯನ್ನು ಕೊನೆಯ ಕ್ಷಣದಲ್ಲಿ ಸಿಂಪಡಿಸುತ್ತಿತ್ತು. ಇಂದಿನ ಡೀಸೆಲ್ ಎಂಜಿನ್ನುಗಳೂ ಗಾಳಿಯನ್ನು ಹದಿನಾರನೆಯ ಒಂದು ಪಾಲಿನಷ್ಟಕ್ಕೆ ಒತ್ತುತ್ತವೆ. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು ಶಾಖ ಹೊರಹೋಗದಂತೆ ಅಷ್ಟು ಒತ್ತಿದರೆ, ಪಾಠಪುಸ್ತಕದ ಸೂತ್ರದಂತೆ, ಅದು 600 ಡಿಗ್ರಿಯನ್ನೂ ಮೀರುತ್ತದೆ. ಅಂಥ ಗಾಳಿಗೆ ಬಿದ್ದ ಎಣ್ಣೆಯ ತುಂತುರು ಕಿಡಿಯ ಹಂಗಿಲ್ಲದೆ ಉರಿಯುತ್ತದೆ.

ಹೆಚ್ಚು ಒತ್ತಿದ ಅನಿಲ ಹೆಚ್ಚು ಹಿಗ್ಗಿ, ಹೆಚ್ಚು ಕೆಲಸ ಮಾಡುತ್ತದೆ. ಅಷ್ಟೇ ಅಲ್ಲ, ನಿಧಾನವಾಗಿ ಹೋಗುವಾಗ ಪೆಟ್ರೋಲ್ ಎಂಜಿನ್ನಿನ ಗಾಳಿಯ ದಾರಿಯನ್ನು ಒಂದು ಬಿಲ್ಲೆ ಅರ್ಧ ಮುಚ್ಚಿಬಿಡುತ್ತದೆ. ಮೂಗು ಹಿಡಿದುಕೊಂಡು ಉಸಿರೆಳೆಯುವವನಂತೆ ಎಂಜಿನ್ ಆಗ ವ್ಯರ್ಥವಾಗಿ ದಣಿಯುತ್ತದೆ. ಡೀಸೆಲ್ ಎಂಜಿನ್ನಿಗೆ ಈ ಶ್ರಮ ಬಹಳ ಕಡಮೆ. ಅಲ್ಲಿ ವೇಗವನ್ನು ಎಣ್ಣೆಯ ಪ್ರಮಾಣದಿಂದಲೇ ಹತೋಟಿಯಲ್ಲಿಡುತ್ತಾರೆ.

ಒಂದು ಲೀಟರಿನಲ್ಲಿ ಎಷ್ಟು ಶಕ್ತಿ?

ಮೈಲೇಜಿನ ಹೋಲಿಕೆಯಲ್ಲಿ ಜನ ಮರೆಯುವ ಒಂದು ಸಂಗತಿಯುಂಟು. ಡೀಸೆಲ್ ಹೆಚ್ಚು ಸಾಂದ್ರವಾದ ದ್ರವ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 32 ಮೆಗಾಜೂಲ್ ಶಾಖ ದೊರೆಯುತ್ತದೆ. ಒಂದು ಲೀಟರ್ ಡೀಸೆಲ್ಲಿನಿಂದ ಸುಮಾರು 36. ಅಂದರೆ ಡೀಸೆಲ್ ಗಾಡಿ ಲೀಟರಿಗೆ ಹೆಚ್ಚು ದೂರ ಓಡುವುದರಲ್ಲಿ ಒಂದು ಪಾಲು ಎಂಜಿನ್ನಿನ ಜಾಣತನವಲ್ಲ, ಲೀಟರಿನ ಅಳತೆಯಲ್ಲೇ ಅಡಗಿರುವ ಲಾಭ.

ಪೆಟ್ರೋಲಿಗೆ ಈಗ ಎಥೆನಾಲ್ ಬೆರಸುತ್ತಾರೆ. ನಮ್ಮ ಭಾಲ್ಕಿ, ಬೀದರದ ಕಡೆ ಬೆಳೆಯುವ ಕಬ್ಬಿನ ಕಾಕಂಬಿಯಿಂದಲೂ ತೆಗೆಯಬಹುದಾದ ಈ ಮದ್ಯಸಾರದಲ್ಲಿ ಲೀಟರಿಗೆ ಸುಮಾರು 21 ಮೆಗಾಜೂಲ್ ಮಾತ್ರ ಶಕ್ತಿಯಿದೆ. ನೂರಕ್ಕೆ 20 ಪಾಲು ಬೆರೆಸಿದ ಪೆಟ್ರೋಲಿನ ಶಕ್ತಿ ಲೀಟರಿಗೆ 30ರ ಆಸುಪಾಸಿಗೆ ಇಳಿಯುತ್ತದೆ. ಹಳೆಯ ಪೆಟ್ರೋಲ್ ಗಾಡಿ ಕೊಳ್ಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಗಾಡಿಯ ರಬ್ಬರ್ ಕೊಳವೆಗಳು ಈ ಮಿಶ್ರಣಕ್ಕೆ ತಕ್ಕವೇ ಎಂದು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಎಳೆಯುವ ಬಲ

ಅಣ್ಣನ ಇನ್ನೊಂದು ವಾದ “ಡೀಸೆಲ್ಲಿಗೆ ದಮ್ಮು ಹೆಚ್ಚು” ಎಂಬುದು. ಇದು ಸುಳ್ಳಲ್ಲ. ನಮ್ಮ ರಾಜ್ಯದ ಬಿಡದಿಯಲ್ಲೇ ತಯಾರಾಗುವ ಈ ಗಾಡಿಯ 2021ರ ಮಾದರಿಯನ್ನೇ ನೋಡಿರಿ. ಅದರ 2.7 ಲೀಟರಿನ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ತಿರುಚು ಬಲ 245 ನ್ಯೂಟನ್ ಮೀಟರ್. ಅದೂ ನಿಮಿಷಕ್ಕೆ 4,000 ಸುತ್ತು ತಿರುಗುವಾಗ. 2.8 ಲೀಟರಿನ ಡೀಸೆಲ್ ಎಂಜಿನ್ನಿನದು, ತಾನೇ ಗೇರ್ ಬದಲಿಸುವ ಮಾದರಿಯಲ್ಲಿ, 500 ನ್ಯೂಟನ್ ಮೀಟರ್. 1,600 ಸುತ್ತಿನಲ್ಲೇ ಅದು ಕೈಗೆ ಸಿಗುತ್ತದೆ. ಹೊರಬೀಳುವ ಹೊಗೆಯ ರಭಸದಿಂದ ತಿರುಗಿ ಗಾಳಿಯನ್ನು ಒಳಕ್ಕೆ ತುರುಕುವ ಟರ್ಬೊ ಚಕ್ರವೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಎರಡು ಟನ್ನಿನ ಗಾಡಿಯಲ್ಲಿ ಏಳು ಜನ ಕುಳಿತು ಘಾಟಿ ಏರುವವರಿಗೆ ಈ ಬಲ ನಿಜವಾದ ಅನುಕೂಲ. ಮನೆಯಿಂದ ಅಂಗಡಿಗೆ ಹೋಗುವವರಿಗೆ ಅದರ ಅರ್ಧವೂ ಬೇಕಾಗದು.

ಹಣದ ಲೆಕ್ಕ

ಇನ್ನು ಅಣ್ಣನ “ಎರಡು ವರ್ಷ”ವನ್ನು ಪರೀಕ್ಷಿಸೋಣ. ಲೆಕ್ಕಕ್ಕಾಗಿ ಪೆಟ್ರೋಲ್ ಲೀಟರಿಗೆ 104 ರೂಪಾಯಿ, ಡೀಸೆಲ್ 92 ರೂಪಾಯಿ ಎಂದಿಟ್ಟುಕೊಳ್ಳೋಣ. ನಮ್ಮ ರಸ್ತೆಗಳಲ್ಲಿ ಪೆಟ್ರೋಲ್ ಗಾಡಿ ಲೀಟರಿಗೆ 8 ಕಿಲೋಮೀಟರ್, ಡೀಸೆಲ್ ಗಾಡಿ ಹನ್ನೊಂದೂವರೆ ಕಿಲೋಮೀಟರ್ ಓಡಲಿ. ಆಗ ಕಿಲೋಮೀಟರಿಗೆ ಪೆಟ್ರೋಲಿನ ಖರ್ಚು 13 ರೂಪಾಯಿ, ಡೀಸೆಲ್ಲಿನದು 8 ರೂಪಾಯಿ; ಉಳಿತಾಯ 5 ರೂಪಾಯಿ. 3 ಲಕ್ಷ ರೂಪಾಯಿ ಮರಳಿ ಬರಬೇಕಾದರೆ 60,000 ಕಿಲೋಮೀಟರ್ ಓಡಬೇಕು.

ಅಷ್ಟು ಓಡಲು ಎಷ್ಟು ಕಾಲ ಬೇಕು? ಉತ್ತರ ಎಂಜಿನ್ನಿನಲ್ಲಿಲ್ಲ, ಮನೆಯವರ ಓಡಾಟದಲ್ಲಿದೆ. ಹುಡುಗನಿಗೆ ಒಂದು ನೋಟುಪುಸ್ತಕ ಕೊಟ್ಟು, ಮನೆಯವರ ಒಂದು ತಿಂಗಳ ಓಡಾಟವನ್ನು ಬರೆದಿಡಲು ಹೇಳಿದೆವು. ಮನೆ, ಅಂಗಡಿ, ಹೊಲ ಸೇರಿ ದಿನಕ್ಕೆ 6 ಕಿಲೋಮೀಟರ್. ತಿಂಗಳಲ್ಲಿ ಎರಡು ಸಲ ಬೀದರಕ್ಕೆ. ಹೋಗಿ ಬರಲು ಸುಮಾರು 80. ವರ್ಷಕ್ಕೊಮ್ಮೆ ಯಾತ್ರೆ, ಕೆಲವು ಸಲ ಹೈದರಾಬಾದು. ಎಲ್ಲ ಕೂಡಿದರೂ ವರ್ಷಕ್ಕೆ 6,000 ಕಿಲೋಮೀಟರ್ ಮೀರಲಿಲ್ಲ. ಅಂದರೆ ವರ್ಷದ ಉಳಿತಾಯ 30,000 ರೂಪಾಯಿ. ಹಣ ಮರಳುವುದು ಎರಡು ವರ್ಷದಲ್ಲಲ್ಲ, ಹತ್ತು ವರ್ಷದಲ್ಲಿ! ಅಷ್ಟರಲ್ಲಿ ಆ ಗಾಡಿಯ 15 ವರ್ಷಗಳ ಮೊದಲ ನೋಂದಣಿಯ ಅವಧಿಯೇ ಮುಗಿಯುತ್ತ ಬಂದಿರುತ್ತದೆ.

ಅದೇ ಓಣಿಯಲ್ಲಿ ದಿನವೂ ಬೀದರಕ್ಕೆ ಹೋಗಿ ಬರುವ ಗುತ್ತಿಗೆದಾರನೊಬ್ಬನಿದ್ದರೆ, ಅವನ ಓಡಾಟ ವರ್ಷಕ್ಕೆ 20,000 ಕಿಲೋಮೀಟರ್ ಮೀರುತ್ತದೆ. ಅವನಿಗೆ ಮೂರು ವರ್ಷದೊಳಗೆ ಹಣ ಮರಳುತ್ತದೆ. ಡೀಸೆಲ್ ಗಾಡಿ ಅವನಿಗೇ ತಕ್ಕದ್ದು.

ಮಸಿಯ ಕಥೆ

ಎಣ್ಣೆಯ ತುಂತುರು ಗಾಳಿಯೊಡನೆ ಪೂರ್ತಿ ಬೆರೆಯುವ ಮುನ್ನವೇ ಉರಿಯುವುದರಿಂದ ಡೀಸೆಲ್ ಎಂಜಿನ್ನಿನಲ್ಲಿ ಮಸಿ ಹುಟ್ಟುತ್ತದೆ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಸಾರಿತು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮಗಳು ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ತಡೆಯುವ ಜಾಲರಿ ಬಂದಿತು. ಮೆಕ್ಯಾನಿಕರು ಅದನ್ನು ಡಿಪಿಎಫ್ ಎನ್ನುತ್ತಾರೆ.

ಜಾಲರಿಯಲ್ಲಿ ಕೂಡಿದ ಮಸಿಯನ್ನು ಆಗಾಗ ಸುಟ್ಟು ಕಳೆಯಬೇಕು. ಅದಕ್ಕೆ ಸುಮಾರು 600 ಡಿಗ್ರಿ ಉಷ್ಣತೆ ಬೇಕು. ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷದಷ್ಟು ಎಡೆಬಿಡದೆ ಓಡಿದರೆ ಈ ಕೆಲಸ ಸಲೀಸಾಗಿ ಆಗುತ್ತದೆ. ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್ ಹೋಗಿ ನಿಲ್ಲುವ ಗಾಡಿ ಅಷ್ಟು ಬಿಸಿಯಾಗುವುದೇ ಇಲ್ಲ. ಸುಡುವ ಕೆಲಸ ಅರ್ಧಕ್ಕೇ ನಿಂತರೆ, ಅದಕ್ಕೆಂದು ಹೆಚ್ಚಾಗಿ ಸಿಂಪಡಿಸಿದ ಡೀಸೆಲ್ ಎಂಜಿನ್ ಆಯಿಲ್ಲಿಗೆ ಜಾರಿ ಅದನ್ನು ತೆಳುವಾಗಿಸಬಹುದು. ಜಾಲರಿ ಪೂರ್ತಿ ಕಟ್ಟಿಕೊಂಡರೆ ಅದನ್ನು ಬದಲಿಸುವ ಖರ್ಚು ಸಣ್ಣದಲ್ಲ.

ಆದರೆ ಇಂಗಾಲದ ಡೈಆಕ್ಸೈಡನ್ನು ಎಣಿಸಿದರೆ ತಕ್ಕಡಿ ಡೀಸೆಲ್ಲಿನ ಕಡೆಗೆ ವಾಲುತ್ತದೆ. ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು 2.3 ಕಿಲೋಗ್ರಾಂ, ಡೀಸೆಲ್ಲಿನಿಂದ ಸುಮಾರು 2.65 ಕಿಲೋಗ್ರಾಂ ಹೊರಬೀಳುತ್ತದೆ. ನಮ್ಮ ಮೈಲೇಜಿನಂತೆ ಭಾಗಿಸಿದರೆ ಕಿಲೋಮೀಟರಿಗೆ ಪೆಟ್ರೋಲ್ ಗಾಡಿ ಸುಮಾರು 290 ಗ್ರಾಂ, ಡೀಸೆಲ್ ಗಾಡಿ 230 ಗ್ರಾಂ ಉಗುಳುತ್ತದೆ.

ಕೊಳ್ಳುವ ಮುನ್ನ

ಬಳಸಿದ ಗಾಡಿಯನ್ನು ನೋಡಲು ಬೆಳಗಿನ ಚಳಿಯಲ್ಲಿ ಹೋಗಬೇಕು. ಮೊದಲೇ ಎಂಜಿನ್ ಬಿಸಿಮಾಡಿ ಇಡಕೂಡದೆಂದು ಮಾರುವವನಿಗೆ ಹೇಳಬೇಕು. ತಣ್ಣನೆಯ ಎಂಜಿನ್ ತನ್ನ ರೋಗವನ್ನು ಮುಚ್ಚಿಡಲಾರದು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಇನ್ನೊಂದು ಅಪಶಕುನ. ಅಳತೆಕಡ್ಡಿಯನ್ನು ಎಳೆದು ನೋಡಿರಿ: ಡೀಸೆಲ್ ಗಾಡಿಯಲ್ಲಿ ಆಯಿಲ್ ಕಪ್ಪಾಗಿರುವುದು ಸಹಜ, ಮೇಲಿನ ಗೆರೆಯನ್ನು ದಾಟಿ ನಿಂತಿರುವುದು ಸಹಜವಲ್ಲ.

ದೂರದಿಂದ ಅಗ್ಗಕ್ಕೆ ಬಂದ ಡೀಸೆಲ್ ಗಾಡಿಯಾದರೆ ಅಗ್ಗದ ಕಾರಣವನ್ನು ವಿಚಾರಿಸಬೇಕು. ದೆಹಲಿಯ ಸುತ್ತ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಓಡಕೂಡದೆಂಬ ಆಜ್ಞೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿಯ ಅನೇಕ ಹಳೆಯ ಗಾಡಿಗಳು ಬೇರೆ ರಾಜ್ಯಗಳ ದಾರಿ ಹಿಡಿದವು. ನಮ್ಮ ಔರಾದ ಮಹಾರಾಷ್ಟ್ರ, ತೆಲಂಗಾಣಗಳ ಗಡಿಯಲ್ಲಿದೆ. ಅಲ್ಲಿಂದ ತಂದ ಗಾಡಿಗೂ ನಿರಾಕ್ಷೇಪಣಾ ಪತ್ರ ಪಡೆದು ಇಲ್ಲಿಯ ತೆರಿಗೆ ಕಟ್ಟಬೇಕಾಗುತ್ತದೆ. ಆ ಹಣವನ್ನೂ ಬೆಲೆಗೆ ಕೂಡಿಸಿಯೇ ಹೋಲಿಸಬೇಕು.

ನಮ್ಮ ವಿದ್ಯಾರ್ಥಿ ತನ್ನ ನೋಟುಪುಸ್ತಕವನ್ನು ಅಣ್ಣನ ಮುಂದಿಟ್ಟನಂತೆ. ಅಣ್ಣ ಮೊದಲು ಸಿಟ್ಟಾದ. ಆಮೇಲೆ ತಾನೇ ಪೆನ್ಸಿಲು ಹಿಡಿದು ಭಾಗಾಕಾರವನ್ನು ಎರಡು ಸಲ ಮಾಡಿನೋಡಿದ. ಆ ಮನೆಯ ಮುಂದೆ ಈಗ ಪೆಟ್ರೋಲ್ ಗಾಡಿ ನಿಂತಿದೆ. ವ್ಯಾಪಾರ ಬೆಳೆದು ಓಡಾಟ ಹೆಚ್ಚಿದರೆ ಉತ್ತರವೂ ಬದಲಾಗುವುದೆಂದು ಅಣ್ಣನಿಗೆ ಹೇಳಿ ಕಳಿಸಿದ್ದೇವೆ. ಹುಡುಗನ ಓದಿನ ಹಣ ಸದ್ಯಕ್ಕೆ ಬ್ಯಾಂಕಿನಲ್ಲೇ ಇದೆ.