ಮುಟ್ಟು ನಿಲ್ಲುವ ಕಾಲ: ಬಿಡುಗಡೆಯೂ ಹೌದು, ಬೇಗೆಯೂ ಹೌದು

ಹುಡುಗಿ ದೊಡ್ಡವಳಾದಾಗ ಆರತಿ ಎತ್ತಿ, ಚಿಗಳಿ-ಕೊಬ್ಬರಿ ತಿನ್ನಿಸಿ, ನೆಂಟರಿಷ್ಟರನ್ನು ಕರೆಯುವ ಸಂಪ್ರದಾಯ ನಮ್ಮದು. ಬಸುರಿಗೆ ಸೀಮಂತ, ಬಾಣಂತಿಗೆ ಎಣ್ಣೆ-ನೀರಿನ ಆರೈಕೆ. ಆದರೆ ಅದೇ ಹೆಣ್ಣಿಗೆ ಮುಟ್ಟು ನಿಂತಾಗ ಯಾವ ಶಾಸ್ತ್ರವೂ ಇಲ್ಲ, ಆರೈಕೆಯೂ ಇಲ್ಲ. 'ನನಗೆ ನಿಂತುಹೋಯಿತು ಕಣೇ' ಎಂದು ಅಕ್ಕತಂಗಿಯರ ನಡುವೆ ಪಿಸುಮಾತಿನಲ್ಲಿ ಹೇಳಿ ಮುಗಿಸುವ ಸಂಗತಿ ಅದು.

ಹಾಗೆಂದು ನಮ್ಮ ಹಿರಿಯರು ಈ ಘಟ್ಟವನ್ನು ಗಮನಿಸಿರಲಿಲ್ಲ ಎನ್ನುವಂತಿಲ್ಲ. ಮುಟ್ಟು 12ನೇ ವಯಸ್ಸಿನ ಸುಮಾರಿಗೆ ಆರಂಭವಾಗಿ 50ರ ಹೊತ್ತಿಗೆ ನಿಲ್ಲುತ್ತದೆ ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಸುಪ್ರೀಂ ಕೋರ್ಟಿನ 2018ರ ತೀರ್ಪಿನಿಂದ ದೇಶದಾದ್ಯಂತ ಚರ್ಚೆಗೆ ಬಂದ ಶಬರಿಮಲೆಯ ಕಟ್ಟಳೆಯಲ್ಲಿ 10ರಿಂದ 50 ಎಂಬ ವಯೋಮಿತಿ ಇದ್ದುದೂ ಇದೇ ಲೆಕ್ಕದಿಂದ. 'ಮೆನೋಪಾಸ್' ಎಂಬ ಹೆಸರು ಮಾತ್ರ ಈಚಿನದು. ಫ್ರೆಂಚ್ ವೈದ್ಯ ಗಾರ್ಡಾನ್ 1821ರಲ್ಲಿ ಅದನ್ನು ಬಳಕೆಗೆ ತಂದ. ತಿಂಗಳು ಮತ್ತು ನಿಲುಗಡೆ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಅದು ಹುಟ್ಟಿದೆ. ಕನ್ನಡದಲ್ಲಿ ಋತುಬಂಧ ಎನ್ನುತ್ತೇವೆ.

ಮೂರು ದಿನ ಹೊರಗೆ ಕೂರುವ ಪದ್ಧತಿಯಿದ್ದ ಮನೆಗಳಲ್ಲಿ ಋತುಬಂಧವೆಂದರೆ ಬಿಡುಗಡೆ. ಅಡುಗೆಮನೆ, ದೇವರಕೋಣೆ, ಯಾತ್ರೆ ಯಾವುದಕ್ಕೂ ಇನ್ನು ತಡೆಯಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಷಾ ಫ್ಲಿಂಟ್ ಉತ್ತರ ಭಾರತದ ರಜಪೂತ ಮಹಿಳೆಯರನ್ನು ಮಾತನಾಡಿಸಿ 1975ರಲ್ಲಿ ಪ್ರಕಟಿಸಿದ ಲೇಖನದಲ್ಲಿಯೂ ಇದೇ ಮಾತಿದೆ. ಮುಟ್ಟು ನಿಂತ ಮೇಲೆ ಪರದೆಯ ಕಟ್ಟು ಸಡಿಲವಾಗಿ, ಗಂಡಸರು ಕುಳಿತಲ್ಲಿಗೆ ಬಂದು ಮಾತನಾಡುವ ಸ್ವಾತಂತ್ರ್ಯ ಅವರಿಗೆ ಸಿಗುತ್ತಿತ್ತು. ತೊಂದರೆಗಳ ಬಗ್ಗೆ ದೂರಿದವರು ತೀರ ಕಡಿಮೆ. ಬಿಡುಗಡೆಯ ಸಂತೋಷ ಬೇಗೆಯನ್ನು ಮರೆಸಿತೋ, ಸಂಕೋಚ ಅದನ್ನು ಮುಚ್ಚಿಟ್ಟಿತೋ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ದೇಹದೊಳಗೆ ನಡೆಯುವುದೇನು?

ವಯಸ್ಸಾದಂತೆ ಅಂಡಾಶಯಗಳಲ್ಲಿ ಅಂಡಗಳ ಸಂಖ್ಯೆ ಇಳಿದು, ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಉತ್ಪತ್ತಿ ಏರುಪೇರಾಗಿ, ಕೊನೆಗೆ ಕುಗ್ಗುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ವೈದ್ಯರ ಲೆಕ್ಕ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ರ ಸುಮಾರಿಗೆ, ಭಾರತದಲ್ಲಿ 46-47ಕ್ಕೆ. ಆದರೆ ಲಕ್ಷಣಗಳು ಅದಕ್ಕೂ ಕೆಲವು ವರ್ಷ ಮೊದಲೇ ತಲೆದೋರುತ್ತವೆ.

ಮಿದುಳಿನಲ್ಲಿ ಮೈಯ ಶಾಖವನ್ನು ಹದದಲ್ಲಿಡುವ ಕೇಂದ್ರವೊಂದಿದೆ. ಈಸ್ಟ್ರೊಜೆನ್ ಇಳಿದಾಗ ಅದು ಅತಿ ಸೂಕ್ಷ್ಮವಾಗುತ್ತದೆ. ಸೆಕೆಯೇ ಇಲ್ಲದಿದ್ದರೂ ಸೆಕೆಯಾಯಿತೆಂದು ತಿಳಿದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಎದೆ, ಕುತ್ತಿಗೆ, ಮುಖಕ್ಕೆ ಝಳ ಏರಿ, ಬೆವರು ಸುರಿದು, ಆಮೇಲೆ ಚಳಿ ಹಿಡಿದಂತಾಗುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ 'ಉಷ್ಣ' ಎಂದು ಹೆಸರಿಟ್ಟು ಎಳನೀರು, ಮಜ್ಜಿಗೆ ಕೊಡುವುದುಂಟು. ಅದರಿಂದ ದೇಹ ತಣಿದೀತು, ಕಾರಣ ಹೋಗದು.

ರಾತ್ರಿ ಬೆವರಿದರೆ ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟವರಿಗೆ ಸಿಡುಕು, ಮರೆವು, ಬೇಸರ ಸಹಜ. ಎದೆ ಡವಗುಟ್ಟುವುದು, ಕೀಲುನೋವು, ಯೋನಿ ಒಣಗಿ ಸಂಭೋಗ ನೋವಾಗುವುದು, ಮೂತ್ರಕ್ಕೆ ಅವಸರವಾಗುವುದು ಇವೂ ಇದೇ ಸಾಲಿನವು. ಕೊನೆಯ ಎರಡನ್ನು ಹೇಳಿಕೊಳ್ಳಲು ನಾಚಿ, ಸುಲಭ ಚಿಕಿತ್ಸೆ ಇದ್ದರೂ ವರ್ಷಗಟ್ಟಲೆ ಸಹಿಸುವವರಿದ್ದಾರೆ. ಸದ್ದಿಲ್ಲದೆ ಆಗುವ ಹಾನಿಯೆಂದರೆ ಮೂಳೆಯದು. ಋತುಬಂಧದ ನಂತರದ ಮೊದಲ ವರ್ಷಗಳಲ್ಲಿ ಅದರ ಸವೆತ ಹೆಚ್ಚು. ರಾಗಿ, ಹಾಲು, ಎಳ್ಳು, ಬಿಸಿಲು, ನಡಿಗೆ ಇಲ್ಲಿ ನೆರವಿಗೆ ಬರುತ್ತವೆ.

ಹಾರ್ಮೋನಿನ ಏರಿಳಿತ

ಚಿಕಿತ್ಸೆಯ ಕತೆಯೂ ಏರಿಳಿತದ್ದೇ. ಗಬ್ಬದ ಕುದುರೆಗಳ ಮೂತ್ರದಿಂದ ತಯಾರಿಸಿದ ಈಸ್ಟ್ರೊಜೆನ್ ಗುಳಿಗೆ 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ಋತುಬಂಧವನ್ನು ಕೊರತೆಯ ಕಾಯಿಲೆಯೆಂದು ಸಾರಿದ. 2002ರಲ್ಲಿ ಅಲ್ಲಿನ ದೊಡ್ಡ ಪ್ರಯೋಗವೊಂದು ಸ್ತನ ಕ್ಯಾನ್ಸರ್ ಮತ್ತು ಹೃದ್ರೋಗದ ಅಪಾಯ ಕಂಡು ನಿಂತಾಗ ಜಗತ್ತೇ ಗುಳಿಗೆಗೆ ಹೆದರಿತು. ಆ ಅಂಕಿ-ಅಂಶಗಳನ್ನು ಮತ್ತೆ ಪರಿಶೀಲಿಸಿದ ತಜ್ಞರು ಈಗ ನಡುದಾರಿ ಹಿಡಿದಿದ್ದಾರೆ. ವಿಪರೀತ ಬೇಗೆಯಿಂದ ನರಳುವ, 60ರೊಳಗಿನ ಅಥವಾ ಋತುಬಂಧವಾಗಿ 10 ವರ್ಷ ಕಳೆಯದ ಆರೋಗ್ಯವಂತ ಮಹಿಳೆಗೆ, ವೈದ್ಯರ ನಿಗಾದಲ್ಲಿ, ಅದರಿಂದ ಅಪಾಯಕ್ಕಿಂತ ಪ್ರಯೋಜನ ಹೆಚ್ಚು. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಅದು ಸಲ್ಲದು.

ಗರ್ಭಕೋಶಕ್ಕೆ ಕತ್ತರಿ

ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಕೆಲವರಿಗೆ ಅತಿಯಾದ ಸ್ರಾವ ಆಗುತ್ತದೆ. 'ಹೇಗೂ ಮಕ್ಕಳಾಗಿವೆ, ಗರ್ಭಕೋಶ ತೆಗೆಸಿಬಿಡಿ' ಎಂಬ ಮಾತು ಆಗ ಕೇಳಿಬರುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರಿಗೆ ಅನಗತ್ಯವಾಗಿ ಈ ಶಸ್ತ್ರಕ್ರಿಯೆ ಮಾಡಲಾಗಿದೆ ಎಂಬ ದೂರು 2015ರಲ್ಲಿ ದೊಡ್ಡ ಪ್ರತಿಭಟನೆಗೆ ಕಾರಣವಾಯಿತು. ಅವರಲ್ಲಿ ಹಲವರು 40 ದಾಟದವರು. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ ಋತುಬಂಧ ಒಮ್ಮೆಲೇ ಎರಗುತ್ತದೆ. ಬೇಗೆಯೂ ಮೂಳೆ ಸವೆತವೂ ಹತ್ತಾರು ವರ್ಷ ಮೊದಲೇ ಶುರು. ಇಂಥ ಅನಗತ್ಯ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ನಿರ್ದೇಶಿಸಿದೆ. ಗುಳಿಗೆಯಲ್ಲಿ ವಾಸಿಯಾಗದೇ, ಇನ್ನೊಬ್ಬ ವೈದ್ಯರ ಅಭಿಪ್ರಾಯವೇನು ಎಂದು ಕೇಳುವ ಹಕ್ಕು ಪ್ರತಿ ಮಹಿಳೆಗೂ ಇದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ 'ಉಷ್ಣಕ್ಕೆ ಹಾಗಾಗಿದೆ' ಎಂದು ಸುಮ್ಮನಿರಬಾರದು. ಒಂದೇ ಸಲ, ಒಂದೇ ಹನಿಯಾದರೂ ಪರೀಕ್ಷೆ ಮಾಡಿಸಬೇಕು. ಹೆಚ್ಚಿನವರಲ್ಲಿ ಕಾರಣ ಸಣ್ಣದೇ. ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ಸುಳಿವು ಕೊಡುವುದೂ ಹೀಗೆಯೇ, ಬೇಗ ಪತ್ತೆಯಾದರೆ ಅದು ಗುಣವಾಗುತ್ತದೆ.

ಅಮ್ಮನೋ ಅತ್ತೆಯೋ ನಡುರಾತ್ರಿ ಎದ್ದು ಫ್ಯಾನು ಹಾಕಿದರೆ, ಕಾರಣವಿಲ್ಲದೆ ರೇಗಿದರೆ, ಅದು ಅವರ ಸ್ವಭಾವವೆಂದು ಮನೆಯವರು ತೀರ್ಮಾನಿಸುವ ಮುನ್ನ ಅವರ ವಯಸ್ಸನ್ನು ನೆನೆಯುವುದು ಒಳ್ಳೆಯದು. ಬಾಣಂತಿಗೆ ತೋರುವ ಕಾಳಜಿಯಲ್ಲಿ ಕಾಲುಭಾಗ ಸಿಕ್ಕರೂ ಅವರಿಗೆ ಈ ವರ್ಷಗಳು ಹಗುರವಾದಾವು.