‘ಡಿಲೀಟ್’ ಅಂದ್ರೆ ಏನು? ಆಳಂದದಿಂದ ಒಂದು ಪದದ ಕಥೆ

ಫೋಟೊ ಡಿಲೀಟ್, ಮೆಸೇಜ್ ಡಿಲೀಟ್: ದಿನಕ್ಕೆ ಹತ್ತು ಸಲ ನಾವು ಮಾಡೋ ಕೆಲಸ. ಆದ್ರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮಗೆ ಈ ಪದ ಕೇಳಿದ್ರೆ ಈಗ ಬೇರೆ ಪ್ರಶ್ನೆ ಬರುತ್ತೆ: "ವೋಟರ್ ಲಿಸ್ಟಿನಾಗ ನನ್ನ ಹೆಸರು ಅದ ಇಲ್ಲೊ?"

ಮೊದಲು ಪದ ನೋಡೋಣ. ಡಿಲೀಟ್ ಬಂದಿದ್ದು ಲ್ಯಾಟಿನ್‌ನ ‘ಡೆಲೇರೆ’ಯಿಂದ. ಅದಕ್ಕೆ ಎರಡು ಅರ್ಥ: ಒರೆಸಿಹಾಕು, ನಾಶಮಾಡು. ನಮ್ಮ ‘ಅಳಿಸು’ ಕೂಡ ಹಾಗೇ ಅಲ್ವಾ? ಅಳಿ ಅಂದ್ರೆ ಇಲ್ಲವಾಗು. ಅಳಿಸು ಅಂದ್ರೆ ಹಲಗೆ ಮೇಲಿನ ಅಕ್ಷರ ಒರೆಸೋದೂ ಹೌದು, ಇಲ್ಲವಾಗಿಸೋದೂ ಹೌದು.

ಈಗ ಆಳಂದಕ್ಕೆ ಬರೋಣ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಗೂ ಮುಂಚೆ, ಮತದಾರರ ಹೆಸರು ತೆಗೆಯಿರಿ ಅಂತ ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದವು. ಅದಕ್ಕೆ ಬಳಸೋದು ಫಾರ್ಮ್ 7. ಪರಿಶೀಲಿಸಿದಾಗ ಸರಿಯಾಗಿದ್ದದ್ದು ಬರೀ 24. ಉಳಿದ 5,994 ಅರ್ಜಿ ತಿರಸ್ಕಾರವಾದವು. ಆ ಫೆಬ್ರವರಿಯಲ್ಲೇ ಎಫ್‌ಐಆರ್ ಆಯ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿತು.

ಗಮನಿಸಿ: ಅರ್ಜಿ ಬಂದ ಮಾತ್ರಕ್ಕೆ ಹೆಸರು ಹೋಗಲ್ಲ. ಅಧಿಕಾರಿಗಳು ಪರಿಶೀಲಿಸಬೇಕು, ಮತದಾರನ ಮಾತು ಕೇಳಬೇಕು. ಆಳಂದದಲ್ಲಿ ಸಾವಿರಾರು ಹೆಸರು ಉಳಿದಿದ್ದು ಆ ಪರಿಶೀಲನೆಯಿಂದ. ಫೋನಿನಲ್ಲಿ ಡಿಲೀಟ್‌ಗೆ ಒಂದು ಬಟನ್ ಸಾಕು. ಮನುಷ್ಯನ ಹೆಸರಿಗೆ ಅಷ್ಟು ಸಾಕಾಗಬಾರದು.

ಇದೇ ಬೇರಿನ ಇನ್ನೊಂದು ಪದ ವೋಟ್ ಹಾಕಿದ ದಿನ ನಿಮ್ಮ ಬೆರಳ ಮೇಲೇ ಇರುತ್ತೆ: ಇಂಡೆಲಿಬಲ್ ಇಂಕ್. ಇಂಡೆಲಿಬಲ್ ಅಂದ್ರೆ ಡಿಲೀಟ್ ಮಾಡೋಕೆ ಆಗದ್ದು. ಆ ಶಾಯಿ ತಯಾರಾಗೋದು ನಮ್ಮ ಮೈಸೂರಿನಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರುಮಾಡಿದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅನ್ನೋ ಕಾರ್ಖಾನೆ, 1962ರ ಲೋಕಸಭಾ ಚುನಾವಣೆಯಿಂದ ಅದನ್ನು ಪೂರೈಸ್ತಿದೆ. ಅದರಲ್ಲಿರೋ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದ್ರೆ ಸೋಪಿಗೂ ಜಗ್ಗಲ್ಲ.

ಆದ್ರೆ ಆ ಅಳಿಸಲಾಗದ ಗುರುತು ಬೀಳಬೇಕಂದ್ರೆ, ಮೊದಲು ಪಟ್ಟಿಯಲ್ಲಿ ಹೆಸರು ಅಳಿಯದೆ ಇರಬೇಕು.

ಅದಕ್ಕೇ ಒಂದು ಕೆಲಸ ಮಾಡಿ. ಚುನಾವಣಾ ಆಯೋಗದ ಇಸಿಐನೆಟ್ ಆ್ಯಪ್ ತೆಗೆದು, ಇಲ್ಲಾ 1950ಕ್ಕೆ ಕರೆ ಮಾಡಿ ನಿಮ್ಮ ಹೆಸರು ನೋಡ್ಕೊಳ್ಳಿ. ಹಾಗೇ ಊರಲ್ಲಿರೋ ಅವ್ವ, ಅಪ್ಪ, ಅಜ್ಜಿಯ ಹೆಸರೂ ನೋಡಿ, ಅವರ ಕೈಯಾಗ ಸ್ಮಾರ್ಟ್‌ಫೋನ್ ಇರಲಿಕ್ಕಿಲ್ಲ. ಹೆಸರು ಇಲ್ಲದಿದ್ರೆ ಫಾರ್ಮ್ 6 ತುಂಬಿ.