ಚೌತಿಯ ಬಣ್ಣಕ್ಕೆ ಬಂದ ಗಾಳಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಗಣಪತಿಗೆ ಬಣ್ಣ ಹಚ್ಚುವ ಕಾಲವೂ ಜಡಿಮಳೆಯ ಕಾಲವೂ ಒಂದೇ. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ತೀರ್ಥಹಳ್ಳಿಯ ಆಗುಂಬೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಕಾಣುವ ಊರುಗಳು. ಆಶ್ಲೇಷಾ, ಮಘಾ ಮಳೆಗಳ ಥಂಡಿಯಲ್ಲಿ ಜೇಡಿಮಣ್ಣು ಒಣಗುವುದೇ ಕಷ್ಟ.

ಸಾಗರದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಬೆಂಡಿನ ಬಾಸಿಂಗ, ಮಣ್ಣಿನ ಗಣಪತಿಯೂ ಅವರ ಕುಲಕಸುಬೇ. ಕಣ್ಣು ಬರೆಯಲು, ಆಭರಣದ ಗೆರೆ ಎಳೆಯಲು ಇಂದಿಗೂ ಕುಂಚವೇ ಬೇಕು. ಆದರೆ ಸೊಂಡಿಲ ಮೇಲಿನ ಗುಲಾಬಿ ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಕರಗಬೇಕಾದರೆ, ಪೀತಾಂಬರದ ನೆರಿಗೆಯಲ್ಲಿ ನೆರಳು ಕೂರಬೇಕಾದರೆ ಗಾಳಿಯಿಂದ ಬಣ್ಣ ಊದುವ ಉಪಕರಣದ ಕೆಲಸವೇ ಚೆಂದ.

ಈ ಉಪಕರಣಕ್ಕೆ ಎರಡು ವಂಶ. 1870ರ ದಶಕದಲ್ಲಿ ಅಮೆರಿಕದ ಏಬ್ನರ್ ಪೀಲರ್ ಮೊದಲ ಏರ್‌ಬ್ರಷ್ ಮಾಡಿದ. 1893ರಲ್ಲಿ ಚಾರ್ಲ್ಸ್ ಬರ್ಡಿಕ್ ಅದನ್ನು ಪೆನ್ನಿನಂತೆ ಹಿಡಿಯುವ ರೂಪಕ್ಕೆ ತಂದ. ದೊಡ್ಡ ಸ್ಪ್ರೇ ಗನ್ನಿನ ಮೂಲ ಮಾತ್ರ ಆಸ್ಪತ್ರೆಯದು. ಟೊಲೀಡೊ ನಗರದ ವೈದ್ಯ ಅಲೆನ್ ಡಿವಿಲ್ಬಿಸ್ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು ಮಾಡಿದ ಸಾಧನವನ್ನು ಮಗ ಥಾಮಸ್ 1907ರಲ್ಲಿ ಬಣ್ಣಕ್ಕೆ ಒಗ್ಗಿಸಿದ. ನಮ್ಮ ಪೇಟೆಗಳ ಗ್ಯಾರೇಜುಗಳಲ್ಲಿ ಕಾರಿಗೆ ಬಣ್ಣ ಹೊಡೆಯುವುದು ಅದರ ಸಂತತಿಯೇ.

2010ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ವಿಗ್ರಹ ವಿಸರ್ಜನೆಗೆ ಮಾರ್ಗಸೂಚಿ ಹೊರಡಿಸಿತು, 2020ರಲ್ಲಿ ಅದನ್ನು ಬಿಗಿ ಮಾಡಿತು. ವಿಷದ ಬಣ್ಣಕ್ಕೆ ತಡೆ ಬಿದ್ದು ನೀರಿನ ಬಣ್ಣಕ್ಕೆ ಮತ್ತೆ ಬೆಲೆ ಬಂತು. ಕೆರೆ, ಹೊಳೆಗಳ ಪಾಲಿಗೆ ಇದು ಒಳ್ಳೆಯದೇ ಆಯಿತು. ಆದರೆ ಇನ್ನೂ ಆರದ ನೀರಿನ ಬಣ್ಣದ ಮೇಲೆ ಕೊಳವೆಯಿಂದ ಒಂದು ಹನಿ ಬಿದ್ದರೂ ಕಲೆ ಉಳಿಯುತ್ತದೆ.

ಆ ಹನಿ ಬರುವುದು ಉಪಕರಣಕ್ಕೆ ಗಾಳಿ ಒತ್ತಿ ಕೊಡುವ ಕಂಪ್ರೆಸರಿನಿಂದ. ಮಳೆಗಾಲದಲ್ಲಿ 25 ಡಿಗ್ರಿಯ ಒಂದು ಘನಮೀಟರ್ ಗಾಳಿಯಲ್ಲಿ ಹತ್ತಿರ ಹತ್ತಿರ 23 ಗ್ರಾಂ ನೀರಾವಿ ಇರುತ್ತದೆ. ಗಾಳಿಯನ್ನು ಐದು ಪಟ್ಟು ಒತ್ತಿ ತಣಿಯಲು ಬಿಟ್ಟರೆ ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ನೀರಾಗಿ ಇಳಿಯುತ್ತದೆ. ನಿಮಿಷಕ್ಕೆ 20 ಲೀಟರ್ ಗಾಳಿ ಎಳೆಯುವ ಸಣ್ಣ ಯಂತ್ರವೂ ಗಂಟೆಗೆ 20 ಗ್ರಾಂ ಆಸುಪಾಸು ನೀರು ಹಿಂಡುತ್ತದೆ.

ಹಾಗಾಗಿ ಕಡಿಮೆ ದುಡ್ಡಿನಲ್ಲಿ ಕಂಪ್ರೆಸರ್ ಕೊಳ್ಳುವವರು ಹಾರ್ಸ್‌ಪವರಿಗೆ ಮರುಳಾಗಬಾರದು. ಸಣ್ಣ ಮೂರ್ತಿಗಾಗಲಿ, ಅಂಗೈಯಗಲದ ಮಾದರಿ ವಿಮಾನಕ್ಕಾಗಲಿ 15ರಿಂದ 25 ಪಿಎಸ್‌ಐ ಒತ್ತಡ ಧಾರಾಳ ಸಾಕು. ಎಣ್ಣೆ ಬೇಡದ, 1/5 ಹಾರ್ಸ್‌ಪವರಿನ ಯಂತ್ರ ಅದನ್ನು ಕೊಡುತ್ತದೆ. ಉಳಿದ ದುಡ್ಡನ್ನು ಮೂರು ಲೀಟರಿನ ಟ್ಯಾಂಕಿಗೆ, ನೀರು ಹಿಡಿಯುವ ಫಿಲ್ಟರಿಗೆ ಹಾಕಬೇಕು. ಟ್ಯಾಂಕಿನಲ್ಲಿ ಗಾಳಿ ತಣಿಯುತ್ತದೆ, ಅದರ ತುಡಿತವೂ ನಿಲ್ಲುತ್ತದೆ. ಫಿಲ್ಟರು ಯಂತ್ರಕ್ಕೆ ಅಂಟಿಕೊಂಡಿದ್ದರೆ ಬಿಸಿ ಗಾಳಿಯ ಆವಿ ಅದನ್ನು ದಾಟಿ ಪೈಪಿನಲ್ಲಿ ನೀರಾಗುತ್ತದೆ. ಇನ್ನೊಂದು ಚಿಕ್ಕ ಫಿಲ್ಟರು ಕೈಯ ಹತ್ತಿರವೇ ಇರಲಿ.

ಗುಜರಿಯಲ್ಲಿ ಸಿಗುವ ಫ್ರಿಜ್ ಕಂಪ್ರೆಸರ್ ಅಗ್ಗ, ಸದ್ದೂ ಕಡಿಮೆ. ಆದರೆ ಅದು ಗಾಳಿಯ ಜೊತೆ ಎಣ್ಣೆಯನ್ನೂ ಉಗುಳುತ್ತದೆ, ಬೇಗ ಕಾಯುತ್ತದೆ. ಚೌತಿಯ ಹಿಂದಿನ ವಾರದ ಎಡೆಬಿಡದ ಕೆಲಸಕ್ಕೆ ಅದನ್ನು ನೆಚ್ಚುವುದು ನನಗೆ ಸರಿಕಾಣದು. ಸೇಫ್ಟಿ ವಾಲ್ವ್ ಇಲ್ಲದ ಹಳೆಯ ಸಿಲಿಂಡರನ್ನು ಟ್ಯಾಂಕ್ ಮಾಡಿಕೊಳ್ಳುವುದಂತೂ ಬೇಡವೇ ಬೇಡ, ಅದು ಸಿಡಿಯಬಹುದು. ಕೆಲಸ ಮುಗಿದ ಮೇಲೆ ದಿನಾ ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ ನೀರು ಬಸಿಯಬೇಕು. ಮಲೆನಾಡಿನಲ್ಲಿ ಮಧ್ಯಾಹ್ನಕ್ಕೊಮ್ಮೆ, ಸಂಜೆಗೊಮ್ಮೆ.